ಬಲ್ಲದ್ದು, ಬಾರದ್ದು: ‘ಮೂರ್ ವಿರುದ್ಧ ಟೆಕ್ಸಾಸ್’ ಪ್ರಕರಣದಲ್ಲಿ ಪುರಾವೆ ತೂಗಿದ ಬಗೆ

ಬೌದ್ಧಿಕ ಅಸಾಮರ್ಥ್ಯವಿರುವ ಅಪರಾಧಿಗೆ ಮರಣದಂಡನೆ ಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2002ರಲ್ಲಿ ‘ಆಟ್ಕಿನ್ಸ್ ವಿರುದ್ಧ ವರ್ಜೀನಿಯಾ’ ತೀರ್ಪಿನಲ್ಲಿ ಹೇಳಿತು. ಆ ಅಸಾಮರ್ಥ್ಯವನ್ನು ಗುರುತಿಸುವ ಕ್ರಮವನ್ನು ರಾಜ್ಯಗಳಿಗೆ ಬಿಟ್ಟಿತು. ಅಲ್ಲಿಂದೀಚೆಗೆ ಮೇಲ್ಮನವಿಗಳ ತಕರಾರೆಲ್ಲ ಹೆಚ್ಚಾಗಿ ಅಳತೆಗೋಲಿನದೇ. ಮೂರ್ ಪ್ರಕರಣ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ.

1980ರಲ್ಲಿ ಹ್ಯೂಸ್ಟನ್‌ನ ಅಂಗಡಿಯೊಂದರ ದರೋಡೆಯಲ್ಲಿ ಗುಮಾಸ್ತನೊಬ್ಬ ಗುಂಡೇಟಿಗೆ ಬಲಿಯಾದ, ಅಪರಾಧಿ ಮೂರ್‌ಗೆ ಮರಣದಂಡನೆ ವಿಧಿಸಲಾಯಿತು. 2014ರಲ್ಲಿ ಸಾಕ್ಷ್ಯ ವಿಚಾರಿಸಿದ ನ್ಯಾಯಾಲಯ ಆತನಿಗೆ ಬೌದ್ಧಿಕ ಅಸಾಮರ್ಥ್ಯವಿದೆ ಎಂದಿತು. ಹದಿಮೂರರ ವಯಸ್ಸಿನಲ್ಲೂ ಆತನಿಗೆ ವಾರದ ದಿನಗಳು, ತಿಂಗಳುಗಳು, ಋತುಗಳು ಸರಿಯಾಗಿ ತಿಳಿದಿರಲಿಲ್ಲ. ಗಡಿಯಾರ ನೋಡಿ ಹೊತ್ತು ಹೇಳಲು ಸರಿಯಾಗಿ ಬರುತ್ತಿರಲಿಲ್ಲ. ಕಳೆಯುವುದು ಕೂಡುವುದರ ತಿರುವುಮುರುವು ಎಂಬುದೂ ಹೊಳೆದಿರಲಿಲ್ಲ.

ಟೆಕ್ಸಾಸ್‌ನ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಇದನ್ನು ಒಪ್ಪಲಿಲ್ಲ. ಬೀದಿಯಲ್ಲಿ ಬದುಕಿದ್ದ, ಹುಲ್ಲು ಕತ್ತರಿಸಿ ಸಂಪಾದಿಸಿದ್ದ, ಹಣಕ್ಕಾಗಿ ಪೂಲ್ ಆಡುತ್ತಿದ್ದ ಎಂಬ ಸಂಗತಿಗಳಿಗೆ ಅದು ತೂಕ ಕೊಟ್ಟಿತು. ಜೊತೆಗೆ 2004ರ ‘ಬ್ರಿಸೆನೊ’ ತೀರ್ಪಿನ ಏಳು ಮಾನದಂಡಗಳನ್ನು ಬಳಸಿತು: ಚಿಕ್ಕಂದಿನಲ್ಲಿ ಬಲ್ಲವರು ಆತನನ್ನು ಏನೆಂದುಕೊಂಡಿದ್ದರು, ಆತ ನಂಬುವಂತೆ ಸುಳ್ಳು ಹೇಳಬಲ್ಲನೇ, ಇತ್ಯಾದಿ. ಇವು ವೈದ್ಯಶಾಸ್ತ್ರದಿಂದ ಬಂದವಲ್ಲ. ಸ್ಟೈನ್‌ಬೆಕ್ ಕಾದಂಬರಿಯ ಬೌದ್ಧಿಕ ಅಸಾಮರ್ಥ್ಯದ ಪಾತ್ರ ಲೆನ್ನಿಯಂಥವನಿಗೆ ವಿನಾಯಿತಿ ಸಲ್ಲಬೇಕೆಂದು ಟೆಕ್ಸಾಸ್ ಜನ ಒಪ್ಪಬಹುದು ಎಂಬ ಊಹೆಯನ್ನು ಆ ತೀರ್ಪೇ ಮುಂದಿಟ್ಟಿತ್ತು.

2017ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ 5–3ರ ಬಹುಮತದಿಂದ ಮೇಲ್ಮನವಿ ನ್ಯಾಯಾಲಯದ 2015ರ ತೀರ್ಪನ್ನು ರದ್ದುಮಾಡಿತು. ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಬರೆದ ತೀರ್ಪಿನ ತರ್ಕಕ್ಕೆ ಎರಡು ಎಳೆಗಳಿವೆ. ಮೊದಲನೆಯದು, ಮೂರ್‌ನ ಬುದ್ಧ್ಯಂಕ 74 ಎಂದರೆ ಅಳತೆಯ ದೋಷ ಸೇರಿ 69ರಿಂದ 79. ಕೆಳಗಿನ ತುದಿ 70ರೊಳಗಿರುವುದರಿಂದ ನಿತ್ಯಜೀವನದ ಸಾಮರ್ಥ್ಯವನ್ನೂ ಪರಿಶೀಲಿಸಲೇಬೇಕು. ಎರಡನೆಯದು, ಆ ಪರಿಶೀಲನೆಯಲ್ಲಿ ಲೆಕ್ಕಕ್ಕೆ ಬರುವುದು ಕೊರತೆಗಳು. ಬಲ್ಲ ಕೆಲಸಗಳನ್ನು ಎದುರಿಗಿಟ್ಟು ಅವನ್ನು ವಜಾ ಮಾಡಲಾಗದು. ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಕೂಡ ಬ್ರಿಸೆನೊ ಮಾನದಂಡಗಳನ್ನು ಸಮರ್ಥಿಸಲಿಲ್ಲ.

ಮಾನದಂಡದ ಹೆಸರು ಹೋದರೂ ಯೋಚನೆಯ ಜಾಡು ಉಳಿಯಿತು. 2018ರಲ್ಲಿ ಪ್ರಾಸಿಕ್ಯೂಷನ್ನೇ ಅಸಾಮರ್ಥ್ಯವನ್ನು ಒಪ್ಪಿಕೊಂಡರೂ ಮೇಲ್ಮನವಿ ನ್ಯಾಯಾಲಯ ಮತ್ತೆ ನಿರಾಕರಿಸಿತು; ಜೈಲಿನಲ್ಲಿ ಕಲಿತ ಓದು–ಬರಹ, ಅಲ್ಲಿನ ಮಳಿಗೆಯ ಖರೀದಿ ಈ ಸಲದ ಆಧಾರಗಳಾದವು. 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ತಳ್ಳಿಹಾಕಿತು, ರಾಬರ್ಟ್ಸ್ ಈ ಬಾರಿ ಬಹುಮತದ ಜೊತೆಗಿದ್ದರು. ಅದೇ ನವೆಂಬರ್‌ನಲ್ಲಿ ಶಿಕ್ಷೆ ಜೀವಾವಧಿಗೆ ಇಳಿಯಿತು.

ಜೈಲಿನ ಕಟ್ಟುಪಾಡಿನ ದಿನಚರಿಯೊಳಗೆ ರೂಢಿಯಾದ ನಡವಳಿಕೆ ಹೊರಗಿನ ಬದುಕಿನ ಸಾಮರ್ಥ್ಯಕ್ಕೆ ಸಾಕ್ಷಿಯಾಗದು. ಹಾಗಾಗಿ ಇಂಥ ಮೇಲ್ಮನವಿಯಲ್ಲಿ ಜೈಲಿನ ಕಡತಕ್ಕಿಂತ ಬಾಲ್ಯದ ಶಾಲಾ ದಾಖಲೆಗೆ ಬೆಲೆ ಹೆಚ್ಚು. ಆದರೆ ಆಟ್ಕಿನ್ಸ್ ತತ್ತ್ವದ ವ್ಯಾಪ್ತಿ ಕಿರಿದು: ಅದು ಮರಣದಂಡನೆಯನ್ನಷ್ಟೇ ತಡೆಯುತ್ತದೆ. ಕಾರಾಗೃಹವಾಸದ ಅವಧಿ ಎಷ್ಟಿರಬೇಕೆಂಬ ಪ್ರಶ್ನೆಗೆ ಆಟ್ಕಿನ್ಸ್‌ನಲ್ಲಾಗಲಿ ಮೂರ್‌ನಲ್ಲಾಗಲಿ ಉತ್ತರವಿಲ್ಲ.