ಸಾಲ್ಮನ್ ತವರಿಗೆ ಮರಳುವ ಹೊತ್ತು

ಆಮ್‌ಸ್ಟರ್‌ಡ್ಯಾಮ್ ಪಕ್ಕದ ಬಾಡ್‌ಹೂವೆಡಾರ್ಪ್ ಎಂಬ ಊರು ನಿಂತಿರುವುದು ಸರೋವರವೊಂದರ ತಳದ ಮೇಲೆ. ಹಾರ್ಲೆಮರ್‌ಮೇರ್ ಸರೋವರದ ನೀರನ್ನು ಹಬೆಯಂತ್ರಗಳು 1852ರಲ್ಲಿ ಎತ್ತಿ ಮುಗಿಸಿದಾಗ ಸಿಕ್ಕ ನೆಲ ಅದು. ಹೀಗೆ ನೀರನ್ನು ಹತೋಟಿಗೆ ತಂದುಕೊಂಡ ನಾಡು ಒಂದು ಮೀನನ್ನು ಕಳೆದುಕೊಂಡಿತು. ರೋಟರ್‌ಡ್ಯಾಮ್ ಬಳಿಯ ಕ್ರಾಲಿಂಗ್ಸೆ ವೀರ್ ಮಾರುಕಟ್ಟೆಗೆ 1885ರಲ್ಲಿ ರೈನ್ ನದಿಯ ಸುಮಾರು ಒಂದು ಲಕ್ಷ ಸಾಲ್ಮನ್‌ಗಳು ಬಂದಿದ್ದವು. 1950ರ ದಶಕದ ಹೊತ್ತಿಗೆ ಆ ಸಂತತಿಯೇ ಅಳಿದಿತ್ತು. ಅದನ್ನು ಮರಳಿ ತರಹೊರಟವರು ಒಂದು ಹಳೆಯ ಪ್ರಶ್ನೆಗೆ ಮುಖಾಮುಖಿಯಾಗಲೇಬೇಕು: ಸಾಲ್ಮನ್ ಪ್ರಾಯಕ್ಕೆ ಬರುವ ಹೊತ್ತನ್ನು ನಿರ್ಧರಿಸುವುದು ವಂಶವೋ, ನೀರೋ?

ಹೊಳೆಯ ಜಲ್ಲಿಕಲ್ಲುಗಳ ನಡುವೆ ಹುಟ್ಟುವ ಸಾಲ್ಮನ್ ಕಡಲಿಗಿಳಿದು ಬೆಳೆದು, ಪ್ರಾಯಕ್ಕೆ ಬಂದಾಗ ಮೊಟ್ಟೆಯಿಡಲು ತವರುಹೊಳೆಗೇ ಮರಳುತ್ತದೆ. ಒಂದೇ ಚಳಿಗಾಲ ಕಡಲಲ್ಲಿದ್ದು ಬಂದದ್ದು ಎರಡು ಮೂರು ಕಿಲೋ ತೂಗಿದರೆ, ಮೂರು ಚಳಿಗಾಲ ಕಳೆದದ್ದು ಹತ್ತು ಕಿಲೋ ದಾಟಬಹುದು. ಬೇಗ ಬಂದರೆ ನಡುವೆ ಸಾಯುವ ಅಪಾಯ ಕಡಿಮೆ, ತಡವಾಗಿ ಬಂದರೆ ಮೊಟ್ಟೆ ಹೆಚ್ಚು. ಡಚ್ ಬೆಸ್ತರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ದೊಡ್ಡದು ಅವರಿಗೆ ‘ಚಳಿಗಾಲದ ಸಾಲ್ಮನ್’. ಜುಲೈ ಕೊನೆಯ ಸಂತ ಯಾಕೋಬನ ಹಬ್ಬದ ಆಸುಪಾಸಿನಲ್ಲಿ ಬರುತ್ತಿದ್ದ ಚಿಕ್ಕದು ‘ಯಾಕೋಬ ಸಾಲ್ಮನ್’.

ವಿಜ್ಞಾನ ಈ ದಾರಿಗೆ ಬಂದದ್ದು ನಿಧಾನವಾಗಿ. 1830ರ ದಶಕದಲ್ಲಿ ಸ್ಕಾಟ್ಲೆಂಡಿನ ಜಾನ್ ಶಾ, ಕಡಲನ್ನೇ ಕಾಣದ ಗಂಡುಮರಿಗಳೂ ಪ್ರಾಯಕ್ಕೆ ಬಂದು ದೊಡ್ಡ ಹೆಣ್ಣಿನ ಮೊಟ್ಟೆಗಳನ್ನು ಫಲಗೊಳಿಸಬಲ್ಲವೆಂದು ತೋರಿಸಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ನಾಡಿನಲ್ಲಿ ಮೀನಿನ ಹುರುಪೆಯನ್ನು ಓದುವ ವಿದ್ಯೆ ಬಂತು. ಉಗುರಿಗಿಂತ ಚಿಕ್ಕ ಹುರುಪೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದಲ್ಲಿರುವಂಥ ಉಂಗುರಗಳು ಕಾಣುತ್ತವೆ. ಮೇವು ಸಮೃದ್ಧವಾಗಿರುವ ಬೇಸಿಗೆಯಲ್ಲಿ ಅವು ಬಿಡಿಬಿಡಿ, ಚಳಿಯಲ್ಲಿ ಒತ್ತೊತ್ತು. ಹೊಳೆಯಲ್ಲೆಷ್ಟು ವರ್ಷ, ಕಡಲಲ್ಲೆಷ್ಟು ವರ್ಷ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ.

ಮುಂದೆ ನಾರ್ವೆಯ ಮೀನುಸಾಕಣೆ, ಪ್ರಾಯದ ವಯಸ್ಸಿನಲ್ಲಿ ವಂಶದ ಪಾಲು ಗಣನೀಯವೆಂದು ತೋರಿಸಿತು. ಬೆಳಕಿನ ಅವಧಿ, ಮೇವು ಬದಲಿಸಿದರೆ ಅದು ಹಿಂದುಮುಂದಾಗುತ್ತದೆಂಬುದೂ ತಿಳಿಯಿತು. ದೊಡ್ಡ ತಿರುವು 2015ರದು. ಉತ್ತರ ಯುರೋಪಿನ 57 ಕಾಡು ಸಂತತಿಗಳ ಮೀನುಗಳನ್ನು ಪರೀಕ್ಷಿಸಿದ ಸಂಶೋಧಕರು, ವಯೋವ್ಯತ್ಯಾಸದ ಶೇ. 39ರಷ್ಟನ್ನು ‘ವಿಜಿಎಲ್‌ಎಲ್3’ ಎಂಬ ಒಂದೇ ಜೀನಿನ ಆಸುಪಾಸು ವಿವರಿಸುತ್ತದೆಂದು ಕಂಡರು. ‘ಬೇಗ’ ಮತ್ತು ‘ತಡ’ ಎರಡೂ ರೂಪಗಳನ್ನು ಪಡೆದ ಮೀನಿನಲ್ಲಿ, ಗಂಡಾದರೆ ‘ಬೇಗ’ದ ಕೈ ಮೇಲಾಗುತ್ತದೆ, ಹೆಣ್ಣಾದರೆ ‘ತಡ’ದ್ದು. ಎರಡೂ ರೂಪಗಳು ಅಳಿಯದೆ ಉಳಿದದ್ದರ ಗುಟ್ಟು ಇದು. ಮನುಷ್ಯರ ಪ್ರಾಯದ ವಯಸ್ಸಿಗೂ ಇದೇ ಜೀನಿಗೂ ನಂಟಿದೆ.

ಹಾಗೆಂದು ಜೀನೇ ಸರ್ವಸ್ವವಲ್ಲ. ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡದೆ ಮೀನು ಪ್ರಾಯಕ್ಕೆ ಬರದು. ನೀರು ಸುಮಾರು 2 ಡಿಗ್ರಿ ಬೆಚ್ಚಗಾದರೆ ಗಂಡುಗಳು ಬೇಗ ಬಲಿಯುತ್ತವೆಂದು ಸಾಕಣೆಯ ಪ್ರಯೋಗಗಳು ತೋರಿಸಿವೆ. ಫಿನ್ಲೆಂಡ್-ನಾರ್ವೆ ಗಡಿಯ ಟೆನೊ ನದಿಯಲ್ಲಿ 1970ರ ದಶಕದಿಂದ ಕೂಡಿಟ್ಟ ಹುರುಪೆಗಳಿಂದ ಡಿಎನ್ಎ ತೆಗೆದು ನೋಡಿದಾಗ, ‘ತಡ’ದ ರೂಪ ಕೆಲವೇ ದಶಕಗಳಲ್ಲಿ ಕುಗ್ಗಿದ್ದು ಬೆಳಕಿಗೆ ಬಂತು. ಕಡಲಲ್ಲಿ ಸಾಲ್ಮನ್ನಿನ ಆಹಾರವಾದ ಕ್ಯಾಪೆಲಿನ್ ಮೀನನ್ನು ಮನುಷ್ಯ ವಿಪರೀತ ಹಿಡಿದದ್ದೂ ಇದಕ್ಕೊಂದು ಕಾರಣವೆಂದು 2022ರ ಅಧ್ಯಯನ ಹೇಳಿತು. ಅಂದರೆ ಪರಿಸರ ಇವತ್ತಿನ ಮೀನನ್ನಷ್ಟೇ ಅಲ್ಲ, ನಾಳಿನ ಜೀನನ್ನೂ ತಿದ್ದುತ್ತದೆ.

ರೈನ್ ನದಿಗೆ ಈ ಪಾಠ ಹೆಚ್ಚು ಕಟುವಾದದ್ದು. 1986ರಲ್ಲಿ ಬಾಸೆಲ್ ಬಳಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು ನದಿ ವಿಷವಾದ ಮೇಲೆ, ತೀರದ ದೇಶಗಳು ಸಾಲ್ಮನ್ನನ್ನು ಮರಳಿ ತರಲು ಪಣತೊಟ್ಟವು. ಬಿಟ್ಟ ಮರಿಗಳು ಸ್ವೀಡನ್ನಿನ ಏಟ್ರಾನ್, ಫ್ರಾನ್ಸಿನ ಅಲಿಯೇ ಮುಂತಾದ ಬೇರೆ ನದಿಗಳ ವಂಶದವು. ರೈನ್‌ಗೇ ಸಾವಿರಾರು ವರ್ಷ ಒಗ್ಗಿಕೊಂಡಿದ್ದ ವಂಶ ಹೋದದ್ದು ಹೋಯಿತು. ಉಳಿದಿರುವುದು ನೀರಿನ ಪಾಲು, ಅದು ಮಾತ್ರ ನಮ್ಮ ಕೈಯಲ್ಲಿದೆ. ನದಿ ಕಡಲು ಸೇರುವಲ್ಲಿ 1970ರಲ್ಲಿ ಮುಚ್ಚಿದ ಹಾರಿಂಗ್‌ವ್ಲೀಟ್ ಅಣೆಕಟ್ಟಿನ ತೂಬುಗಳನ್ನು ನೆದರ್‌ಲ್ಯಾಂಡ್ಸ್ 2018ರಿಂದ ಮೀನುಗಳಿಗಾಗಿ ಸ್ವಲ್ಪ ತೆರೆದಿಡುತ್ತಿದೆ. ಮೀನಿಗೆ ದಾರಿ ಬಿಟ್ಟುಕೊಟ್ಟರಷ್ಟೇ ಹೊಸ ಸಂತತಿ ಈ ನದಿಗೆ ತಕ್ಕ ತನ್ನ ಹೊತ್ತನ್ನು ತಾನೇ ಕಂಡುಕೊಂಡೀತು.