ಪರೀಕ್ಷಾ ಕಾಲಮಿತಿ (ಕಾರ್ಯಾಚರಣಾ ವ್ಯವಸ್ಥೆ)

ಕಾರ್ಯಾಚರಣಾ ವ್ಯವಸ್ಥೆಗಳ ಸ್ವಯಂಚಾಲಿತ ಪರೀಕ್ಷೆಯಲ್ಲಿ ಒಂದು ಪರೀಕ್ಷೆ ಮುಗಿಯಲು ನೀಡಲಾಗುವ ಗರಿಷ್ಠ ಅವಧಿಯನ್ನು ಪರೀಕ್ಷಾ ಕಾಲಮಿತಿ ಅಥವಾ ಟೈಮ್‌ಔಟ್ ಎಂದು ಕರೆಯುತ್ತಾರೆ. ಅವಧಿ ಮೀರಿದ ಪರೀಕ್ಷೆಯನ್ನು ಚಾಲನಾ ತಂತ್ರಾಂಶವು ನಿಲ್ಲಿಸಿ, ಅದನ್ನು ದಾಖಲಿಸಿಕೊಂಡು ಮುಂದಿನ ಪರೀಕ್ಷೆಗೆ ಹೋಗುತ್ತದೆ. ಲಿನಕ್ಸ್ ಕರ್ನಲ್‌ನ ಕೆಸೆಲ್ಫ್‌ಟೆಸ್ಟ್ ಸಂಗ್ರಹದಲ್ಲಿ ಈ ಮಿತಿಯು ಪೂರ್ವನಿಯೋಜಿತವಾಗಿ 45 ಸೆಕೆಂಡು.

ಅಗತ್ಯ

ಯಾವುದೇ ಪ್ರೋಗ್ರಾಮ್ ಎಂದಾದರೂ ನಿಲ್ಲುತ್ತದೆಯೇ ಎಂಬುದನ್ನು ನಿರ್ಣಯಿಸುವ ಸಾರ್ವತ್ರಿಕ ವಿಧಾನವಿಲ್ಲವೆಂದು ಅಲನ್ ಟ್ಯೂರಿಂಗ್ 1936ರಲ್ಲಿ ತೋರಿಸಿದನು. ಆದುದರಿಂದ ಉತ್ತರ ನೀಡದ ಪರೀಕ್ಷೆಯು ನಿಧಾನವಾಗಿದೆಯೋ ಸಿಕ್ಕಿಹಾಕಿಕೊಂಡಿದೆಯೋ ಎಂಬುದನ್ನು ಹೊರಗಿನಿಂದ ಖಚಿತವಾಗಿ ಹೇಳಲಾಗದು. ಕಾಲಮಿತಿಯು ಒಂದು ಊಹೆ ಮಾತ್ರ. ಮಿತಿ ತೀರ ಚಿಕ್ಕದಾದರೆ ಸರಿಯಾದ ಕರ್ನಲ್ ಕೂಡ ವಿಫಲವೆಂದು ದಾಖಲಾಗುತ್ತದೆ. ಇಂತಹ ಸುಳ್ಳು ವೈಫಲ್ಯಗಳು ಹೆಚ್ಚಿದಂತೆ ಅಭಿವೃದ್ಧಿಕಾರರು ವರದಿಗಳನ್ನು ಓದುವುದನ್ನೇ ಬಿಡುತ್ತಾರೆ. ನಿಜವಾದ ದೋಷವೂ ಅವುಗಳ ನಡುವೆ ಕಣ್ತಪ್ಪುತ್ತದೆ. ಮಿತಿ ತೀರ ದೊಡ್ಡದಾದರೆ ಸ್ಥಗಿತಗೊಂಡ ಒಂದೇ ಪರೀಕ್ಷೆ ಯಂತ್ರವನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ.

ಅವಧಿಯ ಆಯ್ಕೆ

ಸರಾಸರಿ ಅವಧಿಯನ್ನು ಆಧಾರವಾಗಿಟ್ಟುಕೊಳ್ಳುವುದು ಸಾಮಾನ್ಯವಾದ ತಪ್ಪು. ಒಂದು ಪರೀಕ್ಷೆಯನ್ನು 20 ಬಾರಿ ನಡೆಸಿದಾಗ 19 ಬಾರಿ 12ರಿಂದ 18 ಸೆಕೆಂಡು, ಒಮ್ಮೆ ಮಾತ್ರ 31 ಸೆಕೆಂಡು ತೆಗೆದುಕೊಂಡಿತೆಂದು ಭಾವಿಸೋಣ. ಇಲ್ಲಿ ಗಮನಿಸಬೇಕಾದುದು ಆ 31. ಮಿತಿಯನ್ನು 20 ಸೆಕೆಂಡಿಗೆ ಇಟ್ಟರೆ ದೋಷವಿಲ್ಲದೆಯೂ ಆಗಾಗ್ಗೆ ವೈಫಲ್ಯ ಕಾಣುತ್ತದೆ. 60 ಸೆಕೆಂಡು ಸಮಂಜಸ. ಒಂದು ಗಂಟೆ ಇಟ್ಟರೆ ಹತ್ತು ಪರೀಕ್ಷೆಗಳು ಸಿಕ್ಕಿಕೊಂಡಾಗ ಹತ್ತು ಗಂಟೆ ನಷ್ಟ.

ಅಳತೆಯನ್ನು ಪರೀಕ್ಷೆ ನಡೆಯಲಿರುವ ಯಂತ್ರಗಳಲ್ಲಿ ಅತ್ಯಂತ ನಿಧಾನವಾದುದರ ಮೇಲೆಯೇ ಮಾಡಬೇಕು. ಯಂತ್ರಾಂಶದ ನೆರವಿಲ್ಲದ ಕ್ಯೂಇಎಂಯು ಅನುಕರಣೆ, ಕೆಎಸಾನ್‌ನಂತಹ ಸ್ಮೃತಿದೋಷ ಪತ್ತೆ ಸೌಲಭ್ಯ, ನಿಧಾನವಾದ ಎಸ್‌ಡಿ ಕಾರ್ಡ್ ಇವೆಲ್ಲ ಅವಧಿಯನ್ನು ಹಲವು ಪಟ್ಟು ಹಿಗ್ಗಿಸಬಲ್ಲವು. ಇದಕ್ಕಾಗಿ ಪ್ರತಿಯೊಂದು ಸಂಖ್ಯೆಯನ್ನೂ ತಿದ್ದಬೇಕಿಲ್ಲ: ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್ ಮತ್ತು ಓಪನ್‌ಕ್ಯೂಎ ಎರಡರಲ್ಲಿಯೂ ಮಿತಿಗಳನ್ನು ಒಟ್ಟಾಗಿ ಹೆಚ್ಚಿಸುವ ಗುಣಕವಿದೆ.

ಕೆಲವು ಪರೀಕ್ಷೆಗಳು ಸ್ವಭಾವತಃ ದೀರ್ಘ. ಕೆಸೆಲ್ಫ್‌ಟೆಸ್ಟ್‌ಗೆ 45 ಸೆಕೆಂಡುಗಳ ಮಿತಿ ಸೇರಿದ್ದು 2019ರಲ್ಲಿ. ಅದರಲ್ಲಿನ ನೈಜಸಮಯ ಗಡಿಯಾರದ (ಆರ್‌ಟಿಸಿ) ಒಂದು ಪರೀಕ್ಷೆಯು ಮುಂದಿನ ನಿಮಿಷಕ್ಕೆ ಅಲಾರಂ ಇಟ್ಟು ಅದು ಮೊಳಗುವವರೆಗೆ ಕಾಯುತ್ತದೆ. ಗಡಿಯಾರ ಎಷ್ಟೇ ಸರಿಯಿದ್ದರೂ ಈ ಕೆಲಸಕ್ಕೆ 45 ಸೆಕೆಂಡು ಸಾಲದಿರಬಹುದು. ಇಂತಹವುಗಳಿಗೆ ಅವುಗಳದೇ ಕಡತಕೋಶದಲ್ಲಿ 'ಸೆಟ್ಟಿಂಗ್ಸ್' ಎಂಬ ಕಡತವಿಟ್ಟು ಹೆಚ್ಚಿನ ಮಿತಿಯನ್ನು ಸೂಚಿಸಲಾಗುತ್ತದೆ. ಅಲ್ಲಿ ಸೊನ್ನೆ ಎಂದು ಬರೆದರೆ ಮಿತಿಯೇ ಇರುವುದಿಲ್ಲ.

ಮಿತಿಗಳ ಪದರಗಳು

ಸಾಮಾನ್ಯ ಅನ್ವಯಿಕ ತಂತ್ರಾಂಶದ ಪರೀಕ್ಷೆಯಲ್ಲಿ ಇಲ್ಲದ ತೊಡಕೊಂದು ಇಲ್ಲಿದೆ. ಸಮಯ ನೋಡುವ ಪ್ರೋಗ್ರಾಮ್ ಪರೀಕ್ಷೆಗೊಳಗಾದ ಕರ್ನಲ್‌ನ ಮೇಲೆಯೇ ಓಡುತ್ತಿದ್ದರೆ, ಕರ್ನಲ್ ಸ್ತಬ್ಧವಾದಾಗ ಅದೂ ಸ್ತಬ್ಧವಾಗುತ್ತದೆ. ಅಡ್ಡಿಪಡಿಸಲಾಗದ ನಿದ್ರೆಯ ಸ್ಥಿತಿಯಲ್ಲಿರುವ ಪ್ರಕ್ರಿಯೆಯನ್ನು ಬಲವಂತದ ಕೊಲ್ಲುವ ಸಂಕೇತವೂ ತಕ್ಷಣ ಕೊನೆಗೊಳಿಸಲಾರದು. ಆದುದರಿಂದ ಇನ್ನೊಂದು ಯಂತ್ರದಿಂದ ಸೀರಿಯಲ್ ಕನ್ಸೋಲ್ ಮೂಲಕ ನಿಗಾ ಇಟ್ಟು, ಅಗತ್ಯಬಿದ್ದರೆ ವಿದ್ಯುತ್ ಕಡಿತಗೊಳಿಸಿ ಮರುಪ್ರಾರಂಭಿಸುವ ಹೊರ ಮಿತಿಯೂ ಬೇಕು. ಓಪನ್‌ಕ್ಯೂಎಯಲ್ಲಿ ಪರದೆಯ ಮೇಲೆ ನಿರೀಕ್ಷಿತ ಚಿತ್ರ ಕಾಣಲು ಸಾಮಾನ್ಯವಾಗಿ 30 ಸೆಕೆಂಡು, ಇಡೀ ಕೆಲಸಕ್ಕೆ 7200 ಸೆಕೆಂಡು ಎಂಬ ಎರಡು ಪದರಗಳಿವೆ.

ಕರ್ನಲ್ ತನ್ನದೇ ಪತ್ತೆ ಸೌಲಭ್ಯಗಳನ್ನೂ ಹೊಂದಿದೆ. ಮುಖ್ಯಧಾರೆಯ ಲಿನಕ್ಸ್‌ನಲ್ಲಿ ಸಾಫ್ಟ್ ಲಾಕಪ್ ಎಚ್ಚರಿಕೆ ಸುಮಾರು 20 ಸೆಕೆಂಡಿಗೆ, ಆರ್‌ಸಿಯು ಸ್ಥಗಿತದ ಎಚ್ಚರಿಕೆ 21 ಸೆಕೆಂಡಿಗೆ, ನಿದ್ರೆಯಲ್ಲಿ ಸಿಲುಕಿದ ಪ್ರಕ್ರಿಯೆಯ ಎಚ್ಚರಿಕೆ 120 ಸೆಕೆಂಡಿಗೆ ಬರುವುದು ರೂಢಿ. ಪರೀಕ್ಷೆಯನ್ನು 45 ಸೆಕೆಂಡಿಗೆ ನಿಲ್ಲಿಸಿ ಯಂತ್ರವನ್ನು ಕೂಡಲೇ ಮರುಪ್ರಾರಂಭಿಸಿದರೆ ಕೊನೆಯ ಎಚ್ಚರಿಕೆ ಎಂದಿಗೂ ಮುದ್ರಿತವಾಗದು. ಎಲ್ಲಿ ಸಿಲುಕಿತ್ತೆಂಬ ಸುಳಿವೂ ಅದರೊಂದಿಗೆ ಹೋಗುತ್ತದೆ. ಹೊರ ಮಿತಿಯನ್ನು 120 ಸೆಕೆಂಡಿಗಿಂತ ಹೆಚ್ಚಿಗೆ ಇಡುವುದು ಅಥವಾ ಮರುಪ್ರಾರಂಭಕ್ಕೆ ಮೊದಲು ಸಿಸ್‌ಆರ್‌ಕ್ಯೂ ಸೌಲಭ್ಯದ 'ಡಬ್ಲ್ಯೂ' ಆದೇಶದಿಂದ ಸಿಲುಕಿದ ಪ್ರಕ್ರಿಯೆಗಳ ಪಟ್ಟಿ ಪಡೆಯುವುದು ಇದಕ್ಕೆ ಪರಿಹಾರ.

ಅವಧಿಯನ್ನು ದಿನಾಂಕ ತೋರಿಸುವ ಗಡಿಯಾರದಿಂದ ಎಣಿಸಬಾರದು. ಯಂತ್ರ ಆರಂಭವಾದ ಮೇಲೆ ಜಾಲದಿಂದ ಸಮಯ ಸರಿಪಡಿಸಿಕೊಂಡಾಗ ಅದು ಹಠಾತ್ತನೆ ಮುಂದಕ್ಕೋ ಹಿಂದಕ್ಕೋ ಜಿಗಿಯಬಹುದು. ಮುಂದಕ್ಕೆ ಮಾತ್ರ ಸಾಗುವ ಮಾನೊಟೊನಿಕ್ ಗಡಿಯಾರವೇ ಇದಕ್ಕೆ ಸೂಕ್ತ.

ಫಲಿತಾಂಶದ ಅರ್ಥ

ಯಂತ್ರ ಬದಲಾದರೆ ಅವಧಿಯೂ ಬದಲಾಗುವುದರಿಂದ ಕೆಸೆಲ್ಫ್‌ಟೆಸ್ಟ್‌ನ ದಾಖಲೆಯು ಕಾಲಮಿತಿ ಮೀರಿದುದನ್ನು ಮಾರಕ ವೈಫಲ್ಯವೆಂದು ಪರಿಗಣಿಸುವುದಿಲ್ಲ. ತಮ್ಮ ಯಂತ್ರಗಳನ್ನು ಬಲ್ಲವರು ಆದೇಶ ಸಾಲಿನಲ್ಲಿ ಬೇರೆ ಮಿತಿ ಕೊಟ್ಟು, ಬೇಕಿದ್ದರೆ ಅದನ್ನು ವೈಫಲ್ಯವೆಂದೇ ಎಣಿಸಬಹುದು. ವರದಿಯಲ್ಲಿ ಅದಕ್ಕೆ ಪ್ರತ್ಯೇಕ ಗುರುತಿರುವುದು ಉಪಯುಕ್ತ. 'ತಪ್ಪು ಉತ್ತರ' ಮತ್ತು 'ಉತ್ತರವಿಲ್ಲ' ಒಂದೇ ಅಲ್ಲ. ಮಿತಿ ಮೀರಿದಾಗಲೆಲ್ಲ ಸಂಖ್ಯೆಯನ್ನು ಏರಿಸುವ ರೂಢಿಯೂ ಇದೆ. 15 ಸೆಕೆಂಡಿನ ಪರೀಕ್ಷೆ ಹೊಸ ಆವೃತ್ತಿಯಲ್ಲಿ 70 ಸೆಕೆಂಡು ತೆಗೆದುಕೊಂಡರೆ, ಮಿತಿಯನ್ನು 100ಕ್ಕೆ ಏರಿಸುವ ಮೊದಲು ಹಳೆಯ ಕರ್ನಲ್ ಅನ್ನು ಅದೇ ಯಂತ್ರದಲ್ಲಿ ಮತ್ತೊಮ್ಮೆ ನಡೆಸಿ ಹೋಲಿಸಬೇಕಾಗುತ್ತದೆ.