ಟಾಲ್‌ಪಡಲ್ ಗ್ರಾಮದ ಆರು ಕೂಲಿಕಾರರು

ಇಂಗ್ಲೆಂಡಿನ ದಕ್ಷಿಣ ಭಾಗದ ಡಾರ್ಸೆಟ್ ಪ್ರಾಂತ್ಯದಲ್ಲಿ ಟಾಲ್‌ಪಡಲ್ ಎಂಬ ಪುಟ್ಟ ಗ್ರಾಮವಿದೆ. ಅದು ಕೋಟೆ ಕೊತ್ತಲಗಳಿಂದಾಗಲಿ, ರಾಜ ಮಹಾರಾಜರಿಂದಾಗಲಿ ಹೆಸರಾದ ಊರಲ್ಲ. ಆದರೂ ದುಡಿಯುವ ಜನರ ಇತಿಹಾಸ ಬರೆಯುವವರು ಆ ಊರನ್ನು ಮರೆಯಲಾರರು. ಅದಕ್ಕೆ ಕಾರಣ ಆರು ಮಂದಿ ಬಡ ಕೂಲಿಕಾರರು.

1830ರ ದಶಕದ ಆರಂಭದಲ್ಲಿ ಅಲ್ಲಿನ ಹೊಲದ ಕೂಲಿ ವಾರಕ್ಕೆ 9 ಶಿಲಿಂಗ್ ಇತ್ತು. ಯಜಮಾನರು ಅದನ್ನು 8ಕ್ಕೆ, ನಂತರ 7ಕ್ಕೆ ಇಳಿಸಿದರು. ಇನ್ನು ಮುಂದೆ 6 ಶಿಲಿಂಗ್ ಮಾತ್ರ ಎಂಬ ಮಾತೂ ಕೇಳಿಬಂತು. ಹೆಂಡತಿ ಮಕ್ಕಳ ಹೊಟ್ಟೆ ತುಂಬುವುದಾದರೂ ಹೇಗೆ? ಆಗ ಜಾರ್ಜ್ ಲವ್‌ಲೆಸ್ ಎಂಬ ಕೂಲಿಕಾರ ಮುಂದೆ ಬಂದರು. ಸ್ವಂತ ಪ್ರಯತ್ನದಿಂದ ವಿದ್ಯೆ ಕಲಿತಿದ್ದ ಅವರು ಮೆಥಡಿಸ್ಟ್ ಪಂಥದ ಬೋಧಕರೂ ಆಗಿದ್ದರು. ಅವರ ಮುಂದಾಳುತನದಲ್ಲಿ 1833ರಲ್ಲಿ ಕೂಲಿಕಾರರ ಸಂಘ ಹುಟ್ಟಿತು. ಸೇರುವವರು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಸಂಘದ ಗುಟ್ಟನ್ನು ಬಿಟ್ಟುಕೊಡುವುದಿಲ್ಲವೆಂದು ಪ್ರಮಾಣ ಮಾಡುತ್ತಿದ್ದರು.

ಕಾರ್ಮಿಕ ಸಂಘಗಳ ಮೇಲಿನ ನಿಷೇಧ 1824ರಲ್ಲೇ ರದ್ದಾಗಿತ್ತು. ಹಾಗಾಗಿ ಸಂಘ ಕಟ್ಟಿದ್ದು ಅಪರಾಧವಾಗಿರಲಿಲ್ಲ. ಆದರೆ ನೌಕಾಪಡೆಯ ದಂಗೆಯ ಕಾಲದಲ್ಲಿ, ಅಂದರೆ 1797ರಲ್ಲಿ, ರಹಸ್ಯ ಪ್ರಮಾಣದ ವಿರುದ್ಧ ಮಾಡಿದ್ದ ಹಳೆಯ ಕಾಯಿದೆಯೊಂದನ್ನು ಅಧಿಕಾರಿಗಳು ಹುಡುಕಿ ತೆಗೆದರು. 1834ರ ಫೆಬ್ರವರಿ 24ರಂದು ಜಾರ್ಜ್ ಲವ್‌ಲೆಸ್, ಅವರ ತಮ್ಮ ಜೇಮ್ಸ್, ಭಾವ ಥಾಮಸ್ ಸ್ಟ್ಯಾಂಡ್‌ಫೀಲ್ಡ್, ಥಾಮಸ್‌ರ ಮಗ ಜಾನ್, ಜೇಮ್ಸ್ ಬ್ರೈನ್ ಮತ್ತು ಜೇಮ್ಸ್ ಹ್ಯಾಮೆಟ್ ಬಂಧನಕ್ಕೊಳಗಾದರು. ಮಾರ್ಚ್ ತಿಂಗಳಲ್ಲಿ ಡಾರ್ಚೆಸ್ಟರ್ ನ್ಯಾಯಾಲಯ ಅವರಿಗೆ 7 ವರ್ಷಗಳ ಗಡೀಪಾರು ಶಿಕ್ಷೆ ವಿಧಿಸಿತು. ಕೈದಿಗಳಾಗಿ ಹಡಗೇರಿ ಅವರು ದೂರದ ಆಸ್ಟ್ರೇಲಿಯಾ ಸೇರಿದರು.

ಆದರೆ ಜನರು ಸುಮ್ಮನಿರಲಿಲ್ಲ. ಅದೇ ವರ್ಷ ಏಪ್ರಿಲ್ 21ರಂದು ಲಂಡನ್ನಿನಲ್ಲಿ ಸಾವಿರಾರು ಮಂದಿ ಮೆರವಣಿಗೆ ನಡೆಸಿದರು. ಮನವಿಗಳ ಮೇಲೆ ಮನವಿಗಳು ಸರ್ಕಾರದ ಬಾಗಿಲು ತಟ್ಟಿದವು. ಕೊನೆಗೆ 1836ರಲ್ಲಿ ಆರೂ ಜನರಿಗೆ ಕ್ಷಮಾದಾನ ದೊರೆಯಿತು. 1837ರಲ್ಲಿ ಊರಿಗೆ ಮರಳಿದ ಜಾರ್ಜ್ ಲವ್‌ಲೆಸ್, ತಾವು ಪಟ್ಟ ಪಾಡನ್ನು ಪುಸ್ತಿಕೆಯಾಗಿ ಪ್ರಕಟಿಸಿದರು.

ಮುಂದೆ ಐವರು ಕೆನಡಾಕ್ಕೆ ವಲಸೆ ಹೋದರು. ಟಾಲ್‌ಪಡಲ್‌ನಲ್ಲೇ ಬಾಳಿದವರು ಹ್ಯಾಮೆಟ್ ಒಬ್ಬರೇ. ಪ್ರಮಾಣ ನಡೆದ ದಿನ ಅವರು ಅಲ್ಲಿ ಇರಲೇ ಇಲ್ಲ, ಸಹೋದರನನ್ನು ಉಳಿಸಲು ಬಾಯಿ ಬಿಡದೆ ಶಿಕ್ಷೆ ಅನುಭವಿಸಿದರು ಎನ್ನಲಾಗುತ್ತದೆ. ಅವರು 1891ರಲ್ಲಿ ಡಾರ್ಚೆಸ್ಟರ್‌ನ ಬಡವರ ಆಶ್ರಯಗೃಹದಲ್ಲಿ ಕೊನೆಯುಸಿರೆಳೆದರು. 1934ರಲ್ಲಿ ಬ್ರಿಟನ್ನಿನ ಕಾರ್ಮಿಕ ಸಂಘಗಳ ಒಕ್ಕೂಟ ಆ ಆರು ಜನರ ನೆನಪಿಗೆ ಅದೇ ಊರಿನಲ್ಲಿ ಆರು ಮನೆಗಳನ್ನು ಕಟ್ಟಿಸಿತು.

ವಿದ್ಯಾರ್ಥಿಗಳೇ, ಈ ಕಥೆಯಲ್ಲಿ ಒಂದು ಅಂಶವನ್ನು ಗಮನಿಸಿ. ಕಾಯಿದೆ ಬಲ್ಲವರು ಬಡವರ ಒಗ್ಗಟ್ಟನ್ನು ಕಾಯಿದೆಯಿಂದಲೇ ಮುರಿಯಲು ನೋಡಿದರು. ಆದರೆ ಅಕ್ಷರ ಬಲ್ಲ ಒಬ್ಬ ಕೂಲಿಕಾರ ತನ್ನವರ ನೋವನ್ನು ತಾನೇ ಬರೆದಿಟ್ಟರು. ನ್ಯಾಯಾಧೀಶರ ತೀರ್ಪಿನ ಜೊತೆಗೆ ಶಿಕ್ಷೆ ಉಂಡವರ ಮಾತೂ ಇಂದು ನಮಗೆ ಓದಲು ಸಿಗುತ್ತಿದೆ. ವಿದ್ಯೆ ಉದ್ಯೋಗಕ್ಕಾಗಿ ಮಾತ್ರವಲ್ಲ, ನಮ್ಮ ಮಾತನ್ನು ನಾವೇ ಹೇಳುವುದಕ್ಕೂ ಬೇಕು.